ಉಸ್ತಾದ್ ಹುಡುಕಿದ ಕೆಂಪು ಕಾರು

ಅವರ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ನಲವತ್ತು ವರ್ಷ ಬ್ರೇಕ್ ಆಯಿಲ್‌ನಲ್ಲಿ ಅದ್ದಿದ ಬೆರಳುಗಳು. ಚರ್ಮ ಬೆಳ್ಳಗೆ ಸುಲಿದು ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ, ಹೆಂಡತಿಯೇ ಹೋಗಿ ಅಕ್ಕಿ ತರಬೇಕಿತ್ತು. ಶಿವಾಜಿನಗರದಲ್ಲಿ ಬ್ರೇಕ್ ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಕರೆಯುವಂತೆ ನಾನೂ ಉಸ್ತಾದ್ ಅಂತಲೇ ಕರೆಯುತ್ತಿದ್ದೆ.

ನಾನು ಕಗ್ಗದಾಸಪುರದಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುವವಳು. ಗಂಡ ತೀರಿಕೊಂಡ ಮೇಲೆ ಅವನ ಹಳೇ ವ್ಯಾನೇ ನನಗೆ ಜೀವನ. ಹೊಸ ಬಿಡಿಭಾಗ ಕೊಳ್ಳಲಾಗದ ನನ್ನಂಥವರೆಲ್ಲ ಉಸ್ತಾದರ ಬಳಿ ಹೋಗುತ್ತಿದ್ದೆವು. ಹಳೇ ಬ್ರೇಕ್ ಸಿಲಿಂಡರ್ ಬಿಚ್ಚಿ, ಒಳಗೆ ಉಜ್ಜಿ, ಸವೆದ ರಬ್ಬರ್ ತೆಗೆದು ಹೊಸದು ಕೂರಿಸಿ ಕೊಡುತ್ತಿದ್ದರು. ಪ್ರತಿ ರಬ್ಬರನ್ನೂ ಮಡಚಿ, ಮೂಸಿ ನೋಡಿಯೇ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ತಾವೇ ಸೀಟಿನಲ್ಲಿ ಕೂತು ಪೆಡಲ್ ಒತ್ತಿ, "ನೋಡಮ್ಮಾ, ಕಲ್ಲು ತುಳಿದಂಗಿರ್ಬೇಕು. ಮೆತ್ತಗಾಯ್ತೋ, ಆವತ್ತೇ ಬಂದ್ಬಿಡು" ಅನ್ನುತ್ತಿದ್ದರು.

ಒಂದು ವರ್ಷ ರಬ್ಬರ್ ಬೇರೊಂದು ಅಂಗಡಿಯಿಂದ ಬಂತು. ಅದೇ ಡಬ್ಬಿ, ಅದೇ ಸ್ಟಿಕ್ಕರ್. ಮಡಚಿದರೂ ಮೂಸಿದರೂ ಗೊತ್ತಾಗದ ನಕಲಿ. ಎರಡೇ ತಿಂಗಳಿಗೆ, ಅವರು ರಿಪೇರಿ ಮಾಡಿಕೊಟ್ಟಿದ್ದ ಒಂದು ತರಕಾರಿ ಟೆಂಪೋ ಕೃಷ್ಣರಾಜಪುರದಲ್ಲಿ ಬ್ರೇಕ್ ಹಿಡಿಯದೆ, ಬಸ್ಸಿಗೆ ಕಾಯುತ್ತಿದ್ದವರ ಮೇಲೆ ನುಗ್ಗಿತು. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಅಲ್ಲೇ ಸತ್ತಳು. ಕುಡಿದು ಓಡಿಸಿದ ಅಂತ ಜನ ಡ್ರೈವರನ್ನು ಹೊಡೆದರು. ಅವನು ಕುಡಿಯುವವನೇ ಅಲ್ಲ.

ಉಸ್ತಾದ್ ಡಬ್ಬಿಯಲ್ಲಿ ಉಳಿದಿದ್ದ ಒಂದು ರಬ್ಬರನ್ನು ಬಿಸಿ ಬ್ರೇಕ್ ಆಯಿಲ್‌ಗೆ ಹಾಕಿ ನೋಡಿದರು. ಅದು ನೆನೆಸಿದ ಕಡಲೆಯಂತೆ ಊದಿಕೊಂಡಿತು. ಅದನ್ನೇ ಕೈಯಲ್ಲಿ ಹಿಡಿದು ಪೊಲೀಸ್ ಠಾಣೆಗೆ ಹೋದರು. "ತಪ್ಪು ಆ ಹುಡುಗಂದಲ್ಲ, ನಂದು. ಬರ್ಕೊಳ್ಳಿ," ಅಂದರಂತೆ. ಪೊಲೀಸರು ಬರೆದುಕೊಂಡು ಮನೆಗೆ ಕಳಿಸಿದರು. ರಬ್ಬರ್ ಮಾರಿದ ಅಂಗಡಿಯವನು ಅಷ್ಟರಲ್ಲೇ ಬಾಗಿಲು ಹಾಕಿ ಮಾಯವಾಗಿದ್ದ.

ಅದೇ ಡಬ್ಬಿಯ ರಬ್ಬರ್ ಇನ್ನೂ ಹತ್ತು ಗಾಡಿಗಳಲ್ಲಿತ್ತು. ಯಾರ ನಂಬರೂ ಅವರ ಬಳಿ ಇರಲಿಲ್ಲ. ಮುಖ, ಏರಿಯಾ ನೆನಪಿಟ್ಟುಕೊಂಡು ಹುಡುಕಲು ಹೊರಟರು. ಒಂದು ಬೆಳಿಗ್ಗೆ ಆರೂವರೆಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಕೀ ಕೊಡಮ್ಮಾ."

"ಈಗ ಆಗಲ್ಲ ಉಸ್ತಾದ್, ಮಕ್ಕಳು ಕಾಯ್ತಿರ್ತಾರೆ. ಬ್ರೇಕ್ ಚೆನ್ನಾಗೇ ಇದೆ. ಮಧ್ಯಾಹ್ನ ನಾನೇ ಬರ್ತೀನಿ."

"ಆ ಟೆಂಪೋದವನ್ದೂ ಚೆನ್ನಾಗೇ ಇತ್ತು."

ನಾನು ಕೇಳದೆ ವ್ಯಾನ್ ಸ್ಟಾರ್ಟ್ ಮಾಡಿದೆ. ಅವರು ವ್ಯಾನಿನ ಮುಂದೆ, ರಸ್ತೆಯಲ್ಲೇ ಕೂತುಬಿಟ್ಟರು. ಅಕ್ಕಪಕ್ಕದವರು ಹೊರಬಂದು ನೋಡತೊಡಗಿದರು. ಬಾಯಿಗೆ ಬಂದಂತೆ ಬೈದೆ. ಅವರು ಏಳಲಿಲ್ಲ. ಕೊನೆಗೆ ಕೀ ಎಸೆದೆ. ಸಿಲಿಂಡರ್ ಬಿಚ್ಚಿದಾಗ ರಬ್ಬರ್ ಅವರ ಅಂಗೈಯಲ್ಲಿ ಅಂಟಂಟಾಗಿ ಹರಿದುಹೋಯಿತು. ಆ ಬೆಳಿಗ್ಗೆ ನನ್ನ ವ್ಯಾನ್ ಹತ್ತಬೇಕಿದ್ದವರು ಹನ್ನೊಂದು ಮಕ್ಕಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವರು ತಲೆ ಎತ್ತದೆ ಕೆಲಸ ಮಾಡುತ್ತಲೇ ಇದ್ದರು.

ಒಂಬತ್ತು ಗಾಡಿ ಸಿಕ್ಕವು. ಹತ್ತನೆಯದು ಕಮ್ಮನಹಳ್ಳಿ ಕಡೆಯ ಒಂದು ಕೆಂಪು ಕಾರು. ತಂದವನ ಜೊತೆ ಅವನ ಹೆಂಡತಿ ಇದ್ದಳು, ತುಂಬು ಬಸುರಿ ಅನ್ನುವುದಷ್ಟೇ ಅವರಿಗೆ ನೆನಪು. ಪೆಟ್ರೋಲ್ ಬಂಕು, ಗ್ಯಾರೇಜು, ಹೆರಿಗೆ ಆಸ್ಪತ್ರೆಗಳ ಬಾಗಿಲು, ಎಲ್ಲ ಕಡೆ ನಿಂತು ವಿಚಾರಿಸಿದರು. ಭಾನುವಾರಗಳಂದು ನಾನೂ ಜೊತೆಗೆ ಹೋದೆ. ಕೆಂಪು ಕಾರು ಕಂಡಾಗಲೆಲ್ಲ ಆ ವಯಸ್ಸಿನಲ್ಲೂ ಟ್ರಾಫಿಕ್ ನಡುವೆ ಓಡುತ್ತಿದ್ದರು. ಸಿಗಲಿಲ್ಲ. ಮತ್ತೆಂದೂ ಅವರು ಬ್ರೇಕ್ ಕೆಲಸ ಮುಟ್ಟಲಿಲ್ಲ. ಮಾರನೇ ವರ್ಷ ಕಾಯಿಲೆ ಬಿದ್ದರು, ಏಳಲಿಲ್ಲ.

ಗಂಡಸರು ಅವರನ್ನು ಹೊತ್ತುಕೊಂಡು ಹೋದ ಮೇಲೆ ನಾನು ಒಳಗೆ ಅವರ ಹೆಂಡತಿಯ ಪಕ್ಕ ಕೂತೆ.

"ಜ್ವರದಲ್ಲೂ ಅದನ್ನೇ ಕೇಳ್ತಿದ್ರು," ಅಂದರು ಅವರು. "ಆ ಕೆಂಪು ಕಾರು ಏನಾಯ್ತಮ್ಮಾ? ನಿಂಗೇನಾದ್ರೂ ಗೊತ್ತಾ?"

"ಸಿಕ್ತು," ಅಂದೆ. "ರಬ್ಬರ್ ಬದಲಾಯಿಸಿದ್ದಾಯ್ತು. ಅವರಿಗೆ ಹೆಣ್ಣು ಮಗು."

ಅವರು ನನ್ನ ಮುಖವನ್ನೇ ನೋಡಿದರು.

"ಹಾಗಾದ್ರೆ ಅವ್ರಿಗೆ ಒಂದ್ಮಾತು ಯಾಕಮ್ಮಾ ಹೇಳ್ಲಿಲ್ಲ?"

ಆ ಸುಳ್ಳನ್ನು ಉಸ್ತಾದ್ ಬದುಕಿರುವಾಗಲೇ ಹೇಳುವ ಬುದ್ಧಿ ನನಗೆ ಬಂದಿರಲಿಲ್ಲ.