ನರ್ಸಬಾಯಿ ಒಯ್ದ ಡಬ್ಬಿ

ಎಪ್ಪತ್ತರ ದಶಕದಲ್ಲಿ ಖಾನಾಪುರದ ಮಿಷನ್ ದವಾಖಾನೆಗೆ ಪರದೇಶದಿಂದ ಬಂದ ನರ್ಸಬಾಯಿ ನಮ್ಮ ಬಾಜು ಮನೆಯಲ್ಲಿದ್ದರು. ಮಾತುಮಾತಿಗೆ "ನನಗ ಕಲಿಸ್ರಿ" ಅನ್ನುವರು. ಹೊಸ ಸೊಸೆ ನಾನು. ದೇವರು ಅಷ್ಟು ದೂರದಿಂದ ಕಳಿಸಿಕೊಟ್ಟ ಗೆಳತಿ ಅವರೊಬ್ಬರೇ.

ಒಮ್ಮೆ ನಾನು ಕೊಟ್ಟ ಹುಗ್ಗಿ ಉಂಡು, ಡಬ್ಬಿ ಫಳಫಳ ತೊಳೆದು ತಂದರು. ಅತ್ತೆ ಸಿಡಿದರು: "ಖಾಲಿ ಡಬ್ಬಿ ತಿರುಗಿ ಕೊಡ್ತಾರೇನ? ಇನ್ನ ಆಕೀಗೆ ಏನೂ ಕೊಡಬ್ಯಾಡ!"

ನರ್ಸಬಾಯಿ ಓಡಿಹೋಗಿ, ಅದೇ ಡಬ್ಬಿಯಲ್ಲಿ ತಿಂಗಳ ಸಕ್ಕರೆಯನ್ನೆಲ್ಲಾ ಸುರುವಿಕೊಂಡು ಬಂದರು. "ತಪ್ಪಾತ್ರಿ ಅತ್ತಿ. ನನಗ ಕಲಿಸ್ರಿ."

"ಏ ಹುಚ್ಚಿ, ನಾಕ ಕಾಳ ಸಾಕಿತ್ತು! ಕುಂದರು, ಚಾ ಕುಡಿ," ಅತ್ತೆ ನಕ್ಕರು.

ಅಂದಿನಿಂದ ಆ ಡಬ್ಬಿ ಎರಡೂ ಮನೆಗಳ ನಡುವೆ ತುಂಬಿಕೊಂಡೇ ಓಡಾಡಿತು. ತಮ್ಮ ದೇಶಕ್ಕೆ ಹೊರಟ ದಿನ ನರ್ಸಬಾಯಿ ಅದನ್ನು ಹಿಡಿದು ನಿಂತರು. "ಮನ್ಯಾಗ ಏನೂ ಉಳಿದಿಲ್ರಿ ಅತ್ತಿ. ಖಾಲಿ ಹ್ಯಾಂಗ ಕೊಡ್ಲಿ?"

"ಒಯ್ಯವಾ," ಅಂದರು ಅತ್ತೆ. "ತುಂಬಿಕೊಂಡು ಬಾ."