ಬ್ರೇಕ್ ದೀಪದ ಹಿಂದೆ ನಿಂತವಳು

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಲೈಟ್ ಮಾಸ್ಟರ್ ಎಂದು ಕರೆಯುತ್ತಾರೆ. ಅವರ ಅಸಲು ಕೆಲಸ ಅದಲ್ಲ. ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿ ಕತ್ತರಿ ಹಿಡಿದು ಮೂವತ್ತು ವರ್ಷ ದಾಟಿತು. ಇನ್ನೊಬ್ಬರ ಕೋಟು ಕತ್ತರಿಸಿ ಕತ್ತರಿಸಿ ತಮ್ಮ ಅಂಗಿಯ ಕಾಲರ್ ಹರಿದದ್ದೂ ಗೊತ್ತಾಗದ ಮನುಷ್ಯ. ಆದರೆ ಭಾನುವಾರ ಬಂತೆಂದರೆ ಮುಗಿಯಿತು. ಬೆಳಿಗ್ಗೆ ಕಾಫಿ ಕುಡಿದು ಅಂಗಳಕ್ಕಿಳಿದರೆ ಊಟಕ್ಕೆ ನಾಲ್ಕು ಸಲ ಕೂಗಬೇಕು. ಅಂಗಳದಲ್ಲಿ ಇರುವುದೇನು? ಒಂದು ಹಳೇ ಕಾರು. ಕಾರಿನಲ್ಲಿ ಇರುವುದೇನು? ದೀಪ.

ಕಾರು ನಮ್ಮ ಕೈಗೆ ಬರುವ ಹೊತ್ತಿಗೇ ಮೂರು ಕೈ ದಾಟಿತ್ತು. ಮುಂದಿನ ದೀಪಗಳ ಗಾಜು ಕಾಮಾಲೆಯಾದವರ ಕಣ್ಣಿನ ಹಾಗೆ ಹಳದಿಗಟ್ಟಿತ್ತು. ಸುತ್ತ ಬಣ್ಣಕ್ಕೆ ತಾಗದ ಹಾಗೆ ಟೇಪು ಅಂಟಿಸಿ, ನೀರು ಚಿಮುಕಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಎರಡು ಭಾನುವಾರ ಕಳೆದರು. ಆಮೇಲೆ ಬೆಳ್ಳಗೆ ಉರಿಯುವ ಎಲ್‌ಇಡಿ ಬಲ್ಬು ಹಾಕಿದರು. ಆಮೇಲೆ ಆ ಬೆಳಕು ಎಲ್ಲಿ ಬೀಳುತ್ತದೆಂದು ಅಳೆಯಲು ಎದುರುಮನೆಯ ಕಾಂಪೌಂಡ್ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಗೆರೆ ಎಳೆದರು. ಇಂಚುಟೇಪು ಹಿಡಿದು ಗೋಡೆಗೆ ಪ್ಯಾಂಟು ಹೊಲಿಯುವವರ ಹಾಗೆ ಕೂತಿದ್ದರು.

"ಏನ್ರೀ ಇದು, ಗೋಡೆ ಸೊಂಟ ಎಷ್ಟು ಬಂತು?" ಎಂದು ನಾನು ಕೇಳಿದರೆ, "ನಗಬೇಡ ಕಣೆ. ಬೆಳಕು ಈ ಗೆರೆ ಮೇಲೆ ಹೋದ್ರೆ ಎದುರಿಗೆ ಬರೋನ ಕಣ್ಣು ಕುಕ್ಕುತ್ತೆ. ನಮ್ಮ ದೀಪದಿಂದ ಇನ್ನೊಬ್ಬರು ಬೀಳಬಾರದು" ಎಂದರು.

ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ನೆನಪು ಮಾಡಿಕೊಂಡೆನೋ ಲೆಕ್ಕವಿಲ್ಲ.

ಮುಂದಿನ ದೀಪ ಗೋಡೆಯ ಮೇಲೆ ಕಾಣುತ್ತದೆ, ಅದಕ್ಕೆ ಯಾರ ಹಂಗೂ ಬೇಡ. ಬ್ರೇಕ್ ದೀಪದ ಕಥೆ ಬೇರೆ. ಅದು ಉರಿಯುವುದು ಕಾಲಲ್ಲಿ ಬ್ರೇಕ್ ಒತ್ತಿದಾಗ. ಕಾಲು ಒಳಗೆ, ದೀಪ ಹಿಂದೆ. ಒತ್ತಿದವರಿಗೆ ಅದು ಉರಿಯಿತೋ ಇಲ್ಲವೋ ಕಾಣುವುದಿಲ್ಲ. ಹಿಂದೆ ಇನ್ನೊಬ್ಬರು ನಿಂತು ಹೇಳಬೇಕು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಎಂದರೆ ನಾನು.

"ಸ್ವಲ್ಪ ಬಾರೇ!" ಎಂದು ಕೂಗುತ್ತಿದ್ದರು. ನಾನು ಗೊಣಗುತ್ತಾ ಹೋಗಿ ನಿಲ್ಲುತ್ತಿದ್ದೆ. ಒಳಗಿಂದ "ಬಂತಾ?" ಎನ್ನುತ್ತಿದ್ದರು. ನಾನು "ಬಂತು" ಎನ್ನುತ್ತಿದ್ದೆ. ಬಲ್ಬು ಬದಲಿಸಿದರೆ ಒಂದು ಸಲ, ಹೋಲ್ಡರ್ ಉಜ್ಜಿದರೆ ಒಂದು ಸಲ, ಏನೂ ಮಾಡದೆ ಸುಮ್ಮನೆ ಅನುಮಾನ ಬಂದರೆ ಇನ್ನೊಂದು ಸಲ. ಒಲೆ ಮೇಲೆ ಏನಿದೆ, ಕೈಯಲ್ಲಿ ಏನಿದೆ, ಅವರನ್ನು ಕೇಳಬೇಡಿ.

ನನಗೊಬ್ಬ ತಮ್ಮ. ಗೋಡೆಗಳಿಗೆ ಬಣ್ಣ ಹೊಡೆಯುವ ಕೆಲಸ, ಮೂರು ಮಹಡಿ ಎತ್ತರಕ್ಕೆ ಏಣಿ ಹಾಕಿ ಸಿಳ್ಳೆ ಹೊಡೆಯುತ್ತಾ ಹತ್ತುವವನು. ಅವನಿಗೂ ಇವರಿಗೂ ಭಾರೀ ಗೆಳೆತನ. ಭಾನುವಾರ ಬಂದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಭಾವ, ಒಳ್ಳೇದಾಯ್ತು ದೀಪ ಹಾಕಿದ್ದು. ಕಾರು ಎಷ್ಟು ತುಕ್ಕು ಹಿಡಿದಿದೆ ಅಂತ ಈಗ ಚೆನ್ನಾಗಿ ಕಾಣುತ್ತೆ" ಎನ್ನುತ್ತಿದ್ದ. ಇವರು ಸ್ಕ್ರೂಡ್ರೈವರ್ ಎತ್ತಿ ಹೊಡೆಯಲು ಹೋಗುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಇವರು ಹಲ್ಲು ಕಾಣುವ ಹಾಗೆ ನಗುತ್ತಿದ್ದದ್ದು ಅವನ ಜೊತೆ ಮಾತ್ರ. ನನ್ನ ಜೊತೆಯೂ ಅಷ್ಟು ನಕ್ಕವರಲ್ಲ.

ಒಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಇವರು ಹಿಂದಿನ ಬ್ರೇಕ್ ದೀಪಗಳಿಗೂ ಎಲ್‌ಇಡಿ ಹಾಕಿದರು. ಹಳೇ ಹೋಲ್ಡರ್ ತುಕ್ಕು ಹಿಡಿದಿತ್ತೆಂದು ಅದನ್ನು ಕಿತ್ತು ಹೊಸದಕ್ಕೆ ವೈರು ಜೋಡಿಸಿದರು. ಮುಗಿಯುವಾಗ ಸಂಜೆ ಐದು ದಾಟಿತ್ತು. ಬಣ್ಣದ ಅಂಗಡಿ ಹಾಕಲು ತಮ್ಮ ಒಂದು ಮಳಿಗೆ ಹುಡುಕುತ್ತಿದ್ದ. ಇವರಿಗೆ ಗೊತ್ತಿದ್ದ ಕಡೆ ಒಂದು ಖಾಲಿಯಿತ್ತು. ಅವತ್ತೇ ಸಂಜೆ ತೋರಿಸಿಕೊಂಡು ಬರುವುದೆಂದು ಮಾತಾಗಿತ್ತು.

"ಸ್ವಲ್ಪ ಬಾರೇ!"

ಒಲೆಯ ಮೇಲೆ ಹಾಲಿಟ್ಟಿದ್ದೆ. ಅವತ್ತು ಬೆಳಿಗ್ಗೆಯಿಂದ ಅದು ಐದನೆಯ ಸಲವೋ ಆರನೆಯದೋ. ಕೈಯಲ್ಲಿ ಮಸಿಬಟ್ಟೆ ಹಿಡಿದೇ ಹೋದೆ. ಕಾರಿನ ಹಿಂದೆ ನಿಂತೆನೇ ಹೊರತು ಮುಖ ಅಡುಗೆಮನೆ ಕಡೆಗೇ ಇತ್ತು, ಕಿವಿ ಒಲೆಯ ಮೇಲಿತ್ತು.

"ಬಂತಾ?"

"ಬಂತು, ಬಂತು."

"ಎರಡೂ ಬಂತಾ?"

ಅಷ್ಟರಲ್ಲಿ ನಾನು ಹೊಸ್ತಿಲು ದಾಟಿದ್ದೆ. "ಎರಡೂ ಬಂತು ಮಾರಾಯ್ರೇ!" ಎಂದು ಒಳಗಿಂದಲೇ ಕೂಗಿದೆ.

ನಾನು ನೋಡಿರಲಿಲ್ಲ. ಕತ್ತು ತಿರುಗಿಸಲು ಎಷ್ಟು ಹೊತ್ತು ಬೇಕು? ಅಷ್ಟೂ ಮಾಡಲಿಲ್ಲ.

ಹತ್ತು ನಿಮಿಷಕ್ಕೆ ತಮ್ಮ ಸ್ಕೂಟರಿನಲ್ಲಿ ಬಂದ. "ನನ್ನ ಬಾಲ ಹಿಡ್ಕೊಂಡು ಬಾರೋ" ಎಂದು ಇವರು ಕಾರು ಹೊರಡಿಸಿದರು. ಅವನು ಅಡುಗೆಮನೆ ಕಿಟಕಿಯಲ್ಲಿದ್ದ ನನಗೆ ಕೈ ಬೀಸಿ ಹಿಂದೆಯೇ ಹೋದ. ದೊಡ್ಡ ರಸ್ತೆಯಲ್ಲಿ ಒಂದು ನಾಯಿ ಅಡ್ಡ ಬಂತಂತೆ. ಇವರು ಬ್ರೇಕ್ ಒತ್ತಿದರು. ಹಿಂದಿದ್ದವನು ಬಂದು ಗುದ್ದಿ ಪಕ್ಕಕ್ಕೆ ಬಿದ್ದ. ಪಕ್ಕದಲ್ಲಿ ಲಾರಿ ಬರುತ್ತಿತ್ತು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಹೇಳಿದ ಮೊದಲ ಮಾತು, "ಅಕ್ಕ, ಕೆಂಪು ಕಾಣಲಿಲ್ಲ. ಒಂದು ಚೂರು ಕೆಂಪು ಕಂಡಿದ್ರೂ ಬ್ರೇಕ್ ಹಿಡೀತಿದ್ದೆ."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮರುದಿನ ಪೊಲೀಸ್ ಠಾಣೆಯ ಅಂಗಳದಲ್ಲಿ ಗಾಡಿ ಪರೀಕ್ಷೆ ಮಾಡುವವರು ದೀಪ ಬಿಚ್ಚಿ ನೋಡಿದರು. ನಾನೂ ಇವರ ಪಕ್ಕದಲ್ಲೇ ನಿಂತಿದ್ದೆ. "ಪ್ಲಸ್ಸು ಮೈನಸ್ಸು ತಿರುವುಮುರುವು ಕೊಟ್ಟಿದ್ದೀರ. ಹಳೇ ಬಲ್ಬಾದ್ರೆ ಹೇಗೆ ಕೊಟ್ರೂ ಉರಿಯುತ್ತೆ, ಈ ಎಲ್‌ಇಡಿ ಹಾಗಲ್ಲ. ಹಾಕಿದಾಗಿಂದ ಎರಡೂ ಒಂದು ಸಲಾನೂ ಉರಿದಿಲ್ಲ. ಹಾಕಿದ ಮೇಲೆ ಯಾರನ್ನಾದ್ರೂ ನಿಲ್ಲಿಸಿ ನೋಡ್ಲಿಲ್ವೇನ್ರೀ?" ಎಂದರು.

ಇವರು ನನ್ನ ಕಡೆ ನೋಡಲಿಲ್ಲ. ಕಾಲಿನ ಚಪ್ಪಲಿ ನೋಡುತ್ತಾ, "ಇಲ್ಲ ಸಾರ್. ನೋಡ್ಲಿಲ್ಲ. ಮರೆತುಬಿಟ್ಟೆ" ಎಂದರು. ಹಾಗೆಂದೇ ಬರೆದುಕೊಂಡರು. ಇವರು ಸಹಿ ಹಾಕಿದರು.

ನಾನು ಬಾಯಿ ಬಿಡಬೇಕಾದದ್ದು ಆಗಲೇ. ತುಟಿ ಪಿಟಕ್ಕೆನ್ನಲಿಲ್ಲ. ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಸುಳ್ಳಿಗೆ ಒಂದು ದಿನ ವಯಸ್ಸಾದರೆ ಸಾಕು, ಆಮೇಲೆ ಅದನ್ನು ಮನೆಯಿಂದ ಹೊರಗೆ ಹಾಕಲು ಕೈಯೇ ಬರುವುದಿಲ್ಲ.

ತಮ್ಮನಿಗೆ ವಿಷಯ ಮುಟ್ಟಿತು. "ಗೋಡೆ ಮೇಲೆ ಗೆರೆ ಎಳೆದು ದೀಪ ಅಳೆಯೋ ಮನುಷ್ಯ, ನಾನು ಹಿಂದೆ ಬರ್ತೀನಿ ಅಂತ ಗೊತ್ತಿದ್ದೂ ಒಂದು ಸಲ ನೋಡ್ಲಿಲ್ವಾ? ಇನ್ನು ನನ್ನ ಕಣ್ಣಿಗೆ ಬೀಳಬೇಡ ಅಂತ ಹೇಳು ಅಕ್ಕ" ಎಂದ. ಮಳಿಗೆ, ಏಣಿ, ಸಿಳ್ಳೆ ಎಲ್ಲ ಅಲ್ಲಿಗೆ ಮುಗಿಯಿತು. ಈಗ ಅವನು ಬೇರೆಯವರ ಬಣ್ಣದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಬಣ್ಣ ಬೆರೆಸಿಕೊಡುತ್ತಾನೆ.

ವಾರಕ್ಕೊಮ್ಮೆ ನಾನು ಊಟದ ಡಬ್ಬಿ ಕಟ್ಟಿಕೊಂಡು ಅವನ ಮನೆಗೆ ಹೋಗುತ್ತಿದ್ದೆ. ಇವರೇ ಕರೆದುಕೊಂಡು ಹೋಗುತ್ತಿದ್ದರು, ಬೀದಿಯ ತಿರುವಿನವರೆಗೆ ಮಾತ್ರ. ಅಲ್ಲೇ ಕಾರು ನಿಲ್ಲಿಸಿ ಒಂದು ಗಂಟೆ, ಎರಡು ಗಂಟೆ ಕೂತಿರುತ್ತಿದ್ದರು. ಒಳಗೆ ತಮ್ಮ, "ನಿನ್ನ ಹಣೆಬರಹ ನೋಡಕ್ಕ, ಅಂಥವರ ಜೊತೆ ಬಾಳಬೇಕು" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಕೂತು ಆ ಕನಿಕರವನ್ನೂ ತಗೊಂಡೆ. ಹೌದು, ತಗೊಂಡೆ. ವಾಪಸು ಬಂದು ಕಾರು ಹತ್ತಿದರೆ ಇವರು ಕೇಳುತ್ತಿದ್ದದ್ದು ಒಂದೇ ಮಾತು: "ಹೇಗಿದ್ದಾನೆ?"

ಇವರು ದೀಪದ ಕೆಲಸ ಬಿಡಲಿಲ್ಲ. ಬೀದಿಯಲ್ಲಿ ಯಾರ ಗಾಡಿಯ ಹಿಂದಿನ ದೀಪ ಕೆಟ್ಟಿದ್ದರೂ ಕರೆಯದೆ ಹೋಗಿ ಸರಿಮಾಡಿ ಬರುತ್ತಿದ್ದರು. ಲೈಟ್ ಮಾಸ್ಟರ್ ಎಂಬ ಹೆಸರು ಬಂದದ್ದು ಹಾಗೆ. ಆದರೆ ನಮ್ಮ ಅಂಗಳದಲ್ಲಿ "ಸ್ವಲ್ಪ ಬಾರೇ" ಎಂಬ ಕೂಗು ನಿಂತುಹೋಯಿತು. ಅಪಘಾತವಾಗಿ ತಿಂಗಳಾಗಿರಬೇಕು, ಕೋಣೆಯ ಬೀರುವಿನ ಬಾಗಿಲಿಗಿದ್ದ ಉದ್ದನೆಯ ಕನ್ನಡಿ ಬಿಚ್ಚಿ ಅಂಗಳಕ್ಕೆ ಒಯ್ದರು. ಕಾರಿನ ಹಿಂದೆ ಗೋಡೆಗೆ ಒರಗಿಸಿಟ್ಟರು. ಒಳಗೆ ಕೂತು ಬ್ರೇಕ್ ಒತ್ತಿ, ತಲೆಯ ಮೇಲಿನ ಸಣ್ಣ ಕನ್ನಡಿಯಲ್ಲಿ ಆ ದೊಡ್ಡ ಕನ್ನಡಿ ನೋಡುವುದು. ಅದರಲ್ಲಿ ಎರಡು ಕೆಂಪು ಕಂಡರೆ ಸರಿ.

"ನಾನು ತಲೆ ಬಾಚೋ ಕನ್ನಡಿ ಯಾಕ್ರೀ ಬಿಚ್ಚಿದ್ರಿ?" ಎಂದು ಕೇಳಿದೆ.

"ನಿನಗ್ಯಾಕೆ ಪದೇ ಪದೇ ತೊಂದ್ರೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕು ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಆವತ್ತಿನಿಂದ ಅಂಗೈಯಗಲದ ಕನ್ನಡಿಯಲ್ಲಿ ಮುಖವನ್ನು ತುಂಡು ತುಂಡಾಗಿ ನೋಡಿಕೊಂಡು ತಲೆ ಬಾಚುತ್ತಿದ್ದೇನೆ.

ಈಚೆಗೆ ಇವರ ಕೈ ನಡುಗುತ್ತದೆ. ಅಂಗಡಿಯಲ್ಲಿ ಇವರಿಂದ ಕತ್ತರಿ ವಾಪಸು ತೆಗೆದುಕೊಂಡು ಗುಂಡಿ, ದಾರ ಕೊಡುವ ಕಡೆ ಕೂರಿಸಿದ್ದಾರೆ. ಹೋದ ತಿಂಗಳು ಒಂದು ಭಾನುವಾರ ಕನ್ನಡಿ ಎತ್ತಿ ತರುವಾಗ ಜಾರಿತು. ಅಂಗಳದ ತುಂಬ ಚೂರು. ನಾನು ಪೊರಕೆ ತಂದು ಗುಡಿಸುತ್ತಿದ್ದೆ. ಇವರು ಕಾರಿನ ಹಿಂದೆ ಸುಮ್ಮನೆ ನಿಂತರು, ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ಗೇಟಿನ ಹೊರಗೆ ನೋಡಿದರು. ಗ್ಯಾಸ್ ಸಿಲಿಂಡರ್ ಇಳಿಸಿ ಹೋಗುತ್ತಿದ್ದವನೊಬ್ಬನನ್ನು, "ಅಣ್ಣ, ಒಂದ್ನಿಮಿಷ ಬಂದು ಹಿಂದೆ ನಿಂತ್ಕೊಳ್ತೀರಾ? ದೀಪ ಬಂತಾ ಅಂತ ನೋಡಿ ಹೇಳಬೇಕು" ಎಂದು ಕರೆದರು.

ಬರೀ ಹೇಳಬೇಕು ಅನ್ನಲಿಲ್ಲ. ನೋಡಿ ಹೇಳಬೇಕು ಅಂದರು.

ಅವನು ನೋಡಿ, "ಬಂತು ಸಾರ್" ಎಂದು ಹೇಳಿ ಹೋದ. ನಾನು ಪೊರಕೆ ಬಿಸಾಕಿದೆ.

"ನಾನು ಸತ್ತಿದ್ದೀನೇನ್ರೀ? ಎರಡು ಮಾರು ದೂರದಲ್ಲಿ ನಿಂತಿದ್ದೀನಿ. ನನ್ನ ಬಿಟ್ಟು ದಾರೀಲಿ ಹೋಗೋರನ್ನ ಕರೀತೀರ! ಆಯ್ತು, ಬಾಯಿಬಿಟ್ಟು ಹೇಳ್ತೀನಿ ಕೇಳಿ. ಅವತ್ತು ನಾನು ನೋಡ್ಲಿಲ್ಲ. ನೋಡದೇನೇ ಬಂತು ಅಂದೆ. ಸಾಕಾ?"

ಇವರು ಬಗ್ಗಿ ಒಂದು ಗಾಜಿನ ಚೂರು ಎತ್ತಿ ಮೊರಕ್ಕೆ ಹಾಕಿದರು. "ಗೊತ್ತು ಬಿಡೆ. ಉರೀದೇ ಇರೋ ದೀಪಾನ ಬಂತು ಅಂದಿದ್ದೆ ಅಂದ್ಮೇಲೆ ಇನ್ನೇನು" ಎಂದರು. ಇನ್ನೊಂದು ಚೂರು ಎತ್ತುತ್ತಾ ಕೇಳಿದರು: "ಅವತ್ತು ಹಾಲು ಉಕ್ಕಿಹೋಯ್ತಾ?"

"ಇಲ್ಲ. ಸರಿಯಾದ ಹೊತ್ತಿಗೆ ಒಲೆ ಆರಿಸಿದೆ."

"ಸದ್ಯ" ಎಂದರು. ಇವರು ಕುಹಕ ಆಡುವವರಲ್ಲ. ನಿಜವಾಗಿಯೇ ಹೇಳಿದ್ದು. ನಾನು ಅಲ್ಲೇ ಕೂತು ಗೋಳೋ ಎಂದು ಅತ್ತೆ.

"ಯಾಕ್ರೀ ಇಷ್ಟು ವರ್ಷ ಹೇಳ್ಲಿಲ್ಲ?"

"ಹೇಳಿದ್ರೆ ಅವನ ಕಾಲು ಬರ್ತಿತ್ತಾ? ವೈರು ತಪ್ಪು ಕೊಟ್ಟೋನು ನಾನೇ ತಾನೆ. ಭಾವ ಇಲ್ದಿದ್ರೂ ಅವನಿಗೆ ನಡೆಯುತ್ತೆ. ಅಕ್ಕಾನೂ ಇಲ್ಲ ಅಂದ್ರೆ ಯಾರಿದ್ದಾರೆ ಅವನಿಗೆ?"

ಅವನಿಗೆ ನಡೆಯುತ್ತದೆ, ಸರಿ. ಇವರಿಗೆ? ಆ ಹಲ್ಲು ಕಾಣುವ ನಗು ನೋಡಿ ಒಂಬತ್ತು ವರ್ಷವಾಗಿತ್ತು. ಮರುದಿನ ಬಣ್ಣದ ಅಂಗಡಿಗೆ ಒಬ್ಬಳೇ ಹೋದೆ. ತಮ್ಮ ಬಣ್ಣದ ಡಬ್ಬಕ್ಕೆ ಮುಚ್ಚಳ ಹಾಕಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಹಾಲು, ಮಸಿಬಟ್ಟೆ, ಠಾಣೆಯಲ್ಲಿ ಇವರು ನನಗಾಗಿ ಹೇಳಿದ ಸುಳ್ಳು, ಒಡೆದ ಕನ್ನಡಿ. ಅವನು ಸುತ್ತಿಗೆ ಕೆಳಗಿಟ್ಟ.

"ಕಾಲಿನ ವಿಷ್ಯ ಬಿಡು ಅಕ್ಕ. ಒಲೆ ಮೇಲೆ ಹಾಲಿತ್ತು, ಆಯ್ತು. ಯಾರಿಗಾದ್ರೂ ಆಗುತ್ತೆ. ಆದ್ರೆ ಒಂಬತ್ತು ವರ್ಷ ನನ್ನೆದುರು ಕೂತು, ನಾನು ಅವರಿಗೆ ಬೈಯೋದನ್ನ ಕೇಳಿಸ್ಕೊಂಡ್ಯಲ್ಲ, ಅದು ಹೇಗೆ ಆಯ್ತು ನಿನ್ನ ಕೈಲಿ?"

"ಇನ್ನು ಡಬ್ಬಿ ತರಬೇಡ" ಎಂದು ಅವನು ಮತ್ತೆ ಸುತ್ತಿಗೆ ಎತ್ತಿಕೊಂಡ.

ಮುಂದಿನ ಭಾನುವಾರ ಗೇಟಿನ ಮುಂದೆ ಆಟೋ ನಿಂತಿತು. ತಮ್ಮ ಕೋಲು ಊರಿಕೊಂಡು ಇಳಿದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಗೇಟಿನ ಹೊರಗೇ ನಿಂತುಬಿಟ್ಟ. ನನಗೆ ಅರ್ಥವಾಯಿತು. ಒಳಗೆ ಬಂದೆ. ಆಮೇಲೆ ಗೇಟು ಕಿರುಗುಟ್ಟಿತು.

"ಭಾವ, ಕನ್ನಡಿ ಒಡೆದುಹೋಯ್ತಂತೆ."

ಇವರ ಕೈಯಿಂದ ಸ್ಪ್ಯಾನರ್ ಬಿದ್ದ ಸದ್ದು ಕೇಳಿತು. ಅಡುಗೆಮನೆ ಕಿಟಕಿಯಿಂದ ನೋಡಿದೆ. ತಮ್ಮ ನಿಧಾನವಾಗಿ ಕಾರು ಸುತ್ತಿ ಹಿಂದೆ ಹೋಗಿ ನಿಂತ. ಇವರು ಒಳಗೆ ಕೂತರು.

"ಬಂತಾ?"

ಬಿಸಿಲು ಜೋರಾಗಿತ್ತು. ಅವನು ಕಷ್ಟಪಟ್ಟು ಬಗ್ಗಿ, ಅಂಗೈ ಅಡ್ಡ ಹಿಡಿದು, ಒಂದೊಂದೇ ದೀಪ ನೋಡಿದ. "ಎಡಗಡೇದು ಬಂತು ಭಾವ. ತಡೀರಿ. ಬಲಗಡೇದೂ ಬಂತು."

ಅವನು ಹೇಳಿ ಎಷ್ಟೋ ಹೊತ್ತಾದರೂ ಇವರು ಬ್ರೇಕ್‌ನಿಂದ ಕಾಲು ತೆಗೆಯಲಿಲ್ಲ. ಸ್ಟೀರಿಂಗ್ ಮೇಲೆ ಹಣೆ ಇಟ್ಟಿದ್ದರು.

ಈಗ ಅವನು ಭಾನುವಾರ ತಪ್ಪಿಸುವುದಿಲ್ಲ. ತುಕ್ಕಿನ ಹಳೇ ಹಾಸ್ಯ ಮತ್ತೆ ಶುರುವಾಗಿದೆ, ಇವರ ನಗು ಒಳಗೆ ನನಗೂ ಕೇಳಿಸುತ್ತದೆ. "ಸ್ವಲ್ಪ ದಿನ ಹೋಗಲಿ ಕಣೆ, ಅವನಿಗೆ ನಾನು ಹೇಳಿ ನೋಡ್ತೀನಿ" ಎಂದು ಇವರು ಸಮಾಧಾನ ಮಾಡುತ್ತಾರೆ. ನಾನು ಬಾಗಿಲಲ್ಲಿದ್ದರೆ ತಮ್ಮ ಗೇಟು ದಾಟುವುದಿಲ್ಲ. ಅದಕ್ಕೇ ಆಟೋ ಸದ್ದು ಕೇಳುವ ಮೊದಲೇ ಎರಡು ಲೋಟ ಕಾಫಿ ಮಾಡಿ ಹೊಸ್ತಿಲ ಹೊರಗಿಟ್ಟು ಒಳಗೆ ಬರುತ್ತೇನೆ.