ತಿಲ್ಲೆ ಅತ್ತೆಯ ಗೋಡೆಗೆ ಬಿದ್ದ ಸಿಮೆಂಟು

"ಆ ಮನೆ ಕುಡಿದವನ ಹಾಗೆ ಬೀದಿಗೆ ವಾಲಿದೆ, ತಿಲ್ಲೆ ಬೈದು ಬೈದು ನಿಲ್ಲಿಸಿದಾಳೆ, ಅದಕ್ಕೇ ಬಿದ್ದಿಲ್ಲ" ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಸುಳ್ಳೇನಲ್ಲ. ಪೂರ್ವ ಜರ್ಮನಿಯ ಹಾರ್ಟ್ಸ್ ಬೆಟ್ಟದ ಬುಡದ ನಮ್ಮ ಊರಿನಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಒಟ್ಟೀಲಿಯಾ ವೇಸೆಮಾನ್, ನಮಗೆಲ್ಲ ತಿಲ್ಲೆ ಅತ್ತೆ, ಮನೆಯ ಜೊತೆ ಮಾತಾಡುತ್ತಿದ್ದಳು. ಗಾಳಿಗೆ ತೊಲೆ ಕಿರುಗುಟ್ಟಿದರೆ, "ಸುಮ್ನಿರೋ, ನಿಂಗೂ ಮಂಡಿನೋವಾ?" ಎನ್ನುವಳು.

ಐನೂರು ವರ್ಷದ ಮನೆ. ಕಂಬ, ತೊಲೆ ಎಲ್ಲ ಓಕ್ ಮರದ್ದು. ಒಂದು ಮೊಳೆಯಿಲ್ಲ, ಮರಕ್ಕೆ ಮರದ ಗೂಟವೇ. ಕಂಬಗಳ ನಡುವೆ ಕಡ್ಡಿ ಹೆಣೆದು, ಹುಲ್ಲು ಕಲಸಿದ ಜೇಡಿಮಣ್ಣು ಮೆತ್ತಿದ್ದರು. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಮೊಳದಷ್ಟು ಮುಂದೆ ಚಾಚಿತ್ತು. ಎದುರಿನ ನಮ್ಮದೂ ಹಾಗೆಯೇ. ಅವಳು ಮೇಲಿನ ಕಿಟಕಿಯಿಂದ ಕೈ ಚಾಚಿ ಪ್ಲಮ್ ಹಣ್ಣಿನ ಕೇಕು ಕೊಟ್ಟರೆ ನಾನು ನಮ್ಮ ಕಿಟಕಿಯಲ್ಲೇ ಇಸಿದುಕೊಳ್ಳುತ್ತಿದ್ದೆ. ಆ ತಟ್ಟೆಯ ಬಿಸಿ ಈಗಲೂ ಅಂಗೈಯಲ್ಲಿದೆ.

ವಸಂತ ಬಂತೆಂದರೆ ಗಂಡ ಆರ್ನೋ ಮಣ್ಣು ತುಳಿಯುತ್ತಿದ್ದ. ಚಳಿಗೆ ಬಿರುಕು ಬಿಟ್ಟಲ್ಲೆಲ್ಲ ಅವಳು ಮೆತ್ತುತ್ತಿದ್ದಳು. ಒಂದು ವರ್ಷ ಅವಳಿಗೆ ಸಾಕಾಗಿ ಹೋಯಿತು. "ಹೊಸ ಬಡಾವಣೆಯೋರಿಗೆಲ್ಲ ಸಿಮೆಂಟು ಗೋಡೆ. ನಾನೊಬ್ಳೇ ಹಂದಿ ಥರ ಕೆಸರಲ್ಲಿ ಹೊರಳ್ಬೇಕಾ?" ಸಿಮೆಂಟು ಸಿಗುವುದೇ ಕಷ್ಟವಿದ್ದ ಕಾಲ. ಆರ್ನೋ ಎಲ್ಲಿಂದಲೋ ಹೊಂಚಿ ತಂದು, ಬೀದಿಗೋಡೆಗೆ ಬುಡದಿಂದ ಮೇಲಕ್ಕೆ ಗಿಲಾವು ಮಾಡಿದ. ಓಣಿಗೆ ಓಣಿಯೇ ಹೊಟ್ಟೆ ಉರಿದುಕೊಂಡಿತು.

ಮೂವತ್ತು ವರ್ಷ ಕಳೆಯಿತು. ಆರ್ನೋ ತೀರಿಕೊಂಡ. ಎರಡು ಜರ್ಮನಿ ಒಂದಾದ ಮೇಲೆ, ಹಳೆಯ ಮನೆಗಳನ್ನು ನೋಡಿ ಬಾ ಎಂದು ಪುರಸಭೆ ಗೆರ್ಲಾಖ್ ಎಂಬ ಬಡಗಿಯನ್ನು ಕಳಿಸಿತು. ಇಡೀ ಮನೆಯನ್ನು ಹೊತ್ತಿದ್ದ ಬುಡದ ಅಡ್ಡತೊಲೆಗೆ ಅವನು ಅತ್ತೆಯ, ನನ್ನ ಎದುರೇ ಒಳಗಿನಿಂದ ಚಾಕು ಚುಚ್ಚಿದ. ಹಿಡಿಯವರೆಗೂ ಇಳಿಯಿತು.

"ಮಣ್ಣಾದ್ರೆ ನೀರು ಕುಡಿದು ಹೊರಗೆ ಬಿಡುತ್ತೆ. ಸಿಮೆಂಟು ಒಳಗೇ ಹಿಡಿದಿಟ್ಟು ಮರ ಕೊಳೆಸುತ್ತೆ. ಯಾವ ಪುಣ್ಯಾತ್ಮ ಹಾಕಿದ್ದಮ್ಮಾ ಇದನ್ನ?"

ಸತ್ತ ಗಂಡನ ಹೆಸರು ಹೇಳಿಬಿಡಬಹುದಿತ್ತು. "ನಾನೇ ಹಾಕ್ಸಿದ್ದು" ಎಂದಳು ತಿಲ್ಲೆ ಅತ್ತೆ. "ಇನ್ನೆಷ್ಟು ದಿನ ನಿಲ್ಲುತ್ತೆ, ಮೇಸ್ತ್ರಿ?"

"ನಿಮ್ಮ ಕಾಲಕ್ಕೆ ಸಾಕು. ಆಮೇಲೆ ಕೆಡವೋದೇ. ಉಳಿಸ್ಬೇಕಂದ್ರೆ ಈಗ್ಲೇ ಮನೆ ಎತ್ತಿ ತೊಲೆ ಬದಲಾಯಿಸ್ಬೇಕು. ಮೂರು ವರ್ಷದ ಕೆಲಸ. ನೀವು ಒಳಗಿರೋ ಹಾಗಿಲ್ಲ."

ಅವಳಿಗಾಗ ಎಂಬತ್ತಾರು. ಮೂರು ವರ್ಷವೆಂದರೆ ಏನೆಂದು ನಮಗೆ ಮೂವರಿಗೂ ಗೊತ್ತಿತ್ತು.

"ಇದ್ದುಬಿಡಿ ಅತ್ತೆ" ಎಂದೆ ನಾನು. "ನಿಮ್ಮ ಕಾಲಕ್ಕೆ ಸಾಕು ಅಂದ್ರಲ್ಲ."

"ನನ್ನ ಕಾಲಕ್ಕೇ ಮುಗೀಲಿ ಅಂತ ಇದನ್ನ ಕಟ್ಟಿದ್ರೇನೋ ಹಿಂದಿನೋರು, ದಡ್ಡ?"

ವಾರ ಕಳೆದು ಕೆಲಸದವರು ಬಂದರು. ಅವಳು ಸೂಜಿದಾರದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಬೀಗದಕೈಯನ್ನು ಗೆರ್ಲಾಖನ ಕೈಗಿಟ್ಟು, ಅವನ ಸುತ್ತಿಗೆ ಕಸಿದು ಗೋಡೆಗೆ ಎರಡೇಟು ಬಿಟ್ಟಳು. ತಟ್ಟೆಯಗಲದ ಸಿಮೆಂಟಿನ ಹಕ್ಕಳೆ ಕಳಚಿ ಬಿತ್ತು.

"ಈ ಸಲ ಮಣ್ಣೇ ಹಾಕಿ. ಹುಲ್ಲು ಕಮ್ಮಿ ಮಾಡ್ಬೇಡಿ, ನಿಮ್ಮ ಹುಡುಗ್ರು ಕಳ್ಳ ಬೀಳ್ತಾರೆ."

ಹೇಳಿ, ತಂಗಿಯ ಮನೆಯ ಕಡೆ ನಡೆದಳು. ಕೂದಲ ಮೇಲೆ ಸಿಮೆಂಟಿನ ಪುಡಿ ಹಾಗೇ ಇತ್ತು.